"ಸರ್ವರ್ ಡೌನ್" ಅಂದಾಗ ಬ್ಯಾಂಕಲ್ಲಿ ನಿಜವಾಗಿ ಏನಾಗಿರುತ್ತೆ, ನಿಮ್ಮ ದುಡ್ಡು ಎಲ್ಲಿರುತ್ತೆ?

2025ರ ಏಪ್ರಿಲ್ 12, ಶನಿವಾರ. ಮಧ್ಯಾಹ್ನದ ಹೊತ್ತಿಗೆ ದೇಶದ ತುಂಬಾ ಯುಪಿಐ ಕೈಕೊಟ್ಟಿತು. ಮಾರ್ಚ್ 26ಕ್ಕೆ ಒಂದ್ಸಲ, ಏಪ್ರಿಲ್ 2ಕ್ಕೆ ಇನ್ನೊಂದ್ಸಲ ಆಗಿತ್ತು, ಮೂರು ವಾರದೊಳಗೆ ಇದು ಮೂರನೇ ಸಲ. ಜೇಬಲ್ಲಿ ಒಂದು ನೋಟೂ ಇಟ್ಕೊಳ್ಳದೆ ಓಡಾಡೋದು ನಮಗೆಲ್ಲ ಅಭ್ಯಾಸ ಆಗಿಬಿಟ್ಟಿದೆ, ಹಾಗಾಗಿ ಹೋಟೆಲಲ್ಲಿ ಊಟ ಮುಗಿಸಿದವರು, ಪೆಟ್ರೋಲ್ ಹಾಕಿಸ್ಕೊಂಡವರು, ಮೆಡಿಕಲ್ ಶಾಪ್ ಮುಂದೆ ನಿಂತವರು ಎಲ್ಲರೂ ಫೋನ್ ಹಿಡ್ಕೊಂಡು ಕಾಯೋ ಹಾಗಾಯ್ತು. ಬ್ಯಾಂಕಿಗೆ ಹೋದ್ರೂ ಕೌಂಟರಲ್ಲಿ ಎಷ್ಟೋ ಸಲ ಇದೇ ಉತ್ತರ, "ಸರ್ವರ್ ಡೌನ್ ಇದೆ ಸರ್, ಮಧ್ಯಾಹ್ನದ ಮೇಲೆ ಬನ್ನಿ."

ಈ ಎರಡು ಪದದೊಳಗೆ ಹತ್ತಾರು ಬೇರೆ ಬೇರೆ ತೊಂದರೆ ಅಡಗಿರ್ತವೆ. ಯಾವುದು ಕೆಟ್ಟಿದೆ ಅನ್ನೋದರ ಮೇಲೆ ನಿಮ್ಮ ದುಡ್ಡು ಎಲ್ಲಿ ಸಿಕ್ಕಾಕೊಂಡಿದೆ, ಯಾವಾಗ ವಾಪಸ್ ಬರುತ್ತೆ, ಯಾರನ್ನ ಕೇಳಬೇಕು ಅನ್ನೋದೆಲ್ಲ ಬದಲಾಗುತ್ತೆ. ಇದನ್ನ ಬುಡದಿಂದ ನೋಡೋಣ.

ಬ್ಯಾಂಕಿನ ಒಳಗೆ ಇರೋದು ಏನು

ನಮ್ಮ ಅಪ್ಪ ಅಜ್ಜಂದಿರ ಕಾಲದಲ್ಲಿ ಪ್ರತಿ ಶಾಖೆಗೂ ಅದರದ್ದೇ ಲೆಡ್ಜರ್ ಪುಸ್ತಕ ಇರ್ತಿತ್ತು. ತಿಪಟೂರು ಶಾಖೆಯ ಖಾತೆಯಿಂದ ದುಡ್ಡು ತೆಗೀಬೇಕು ಅಂದ್ರೆ ತಿಪಟೂರಿಗೇ ಹೋಗ್ಬೇಕಿತ್ತು. ಆಮೇಲೆ ಎಲ್ಲ ಶಾಖೆಗಳ ಲೆಕ್ಕವನ್ನೂ ಒಂದೇ ಕಡೆ ತಂದು ಕಂಪ್ಯೂಟರಿಗೆ ಹಾಕಿದ್ರು, ಇದಕ್ಕೇ ಕೋರ್ ಬ್ಯಾಂಕಿಂಗ್ ಅಥವಾ ಸಿಬಿಎಸ್ ಅನ್ನೋದು. ಬೆಂಗಳೂರಿನ ಇನ್ಫೋಸಿಸ್ ಮಾಡಿರೋ ಫಿನಾಕಲ್ ಇಂಥದ್ದೇ ಒಂದು ಸಾಫ್ಟ್‌ವೇರ್, ಸ್ಟೇಟ್ ಬ್ಯಾಂಕ್ ಬಳಸೋದು ಟಿಸಿಎಸ್‌ನ ಬ್ಯಾಂಕ್ಸ್. ಈಗ ನೀವು ಯಾವ ಊರಲ್ಲಿ ನಿಂತು ಬ್ಯಾಲೆನ್ಸ್ ನೋಡಿದ್ರೂ ಆ ಒಂದೇ ಲೆಕ್ಕಕ್ಕೆ ಹೋಗಿ ಕೇಳಿ ಬರುತ್ತೆ. ಅನುಕೂಲ ತುಂಬಾ ಆಯ್ತು ನಿಜ, ಆದ್ರೆ ಮುಂಚೆ ಒಂದು ಶಾಖೆಯ ಪುಸ್ತಕ ಕಳೆದ್ರೆ ಅದೊಂದು ಶಾಖೆಗೆ ಮಾತ್ರ ಕಷ್ಟ, ಈಗ ಆ ಮಧ್ಯದ ಸಿಸ್ಟಂ ನಿಂತ್ರೆ ಎಲ್ಲಾ ಶಾಖೆನೂ ಒಂದೇ ಕ್ಷಣಕ್ಕೆ ನಿಲ್ಲುತ್ತೆ.

ಸಿಬಿಎಸ್ ಸುತ್ತ ಇನ್ನೂ ಬೇರೆ ಸಿಸ್ಟಂಗಳಿವೆ. ಎಟಿಎಂ ಮತ್ತು ಕಾರ್ಡಿನ ಕೋರಿಕೆಗಳನ್ನ ಎಲ್ಲಿಗೆ ಕಳಿಸ್ಬೇಕೋ ಅಲ್ಲಿಗೆ ಕಳಿಸೋದಕ್ಕೆ ಸ್ವಿಚ್ ಅಂತ ಒಂದು, ಯುಪಿಐಗೆ ಒಂದು, ಮೊಬೈಲ್ ಆಪ್‌ಗೆ ಒಂದು, ಎಸ್ಸೆಮ್ಮೆಸ್ ಮತ್ತು ಒಟಿಪಿ ಕಳಿಸೋಕೆ ಇನ್ನೊಂದು. ಇದರಲ್ಲಿ ಒಂದು ಕೆಟ್ಟು ಉಳಿದಿದ್ದೆಲ್ಲ ಸರಿ ಇರಬಹುದು. ಆಪ್ ತೆಗೆಯೋಕೆ ಆಗ್ತಿಲ್ಲ ಆದ್ರೆ ಎಟಿಎಂ ಕೆಲಸ ಮಾಡ್ತಿದೆ ಅಂದ್ರೆ ಸಿಬಿಎಸ್ ಬದುಕಿದೆ, ಆಪ್ ಕಡೆ ಮಾತ್ರ ತೊಂದರೆ ಅಂತ ಬಹುತೇಕ ಹೇಳ್ಬಹುದು.

ಒಂದು ಯುಪಿಐ ಪೇಮೆಂಟ್ ಎಷ್ಟು ಕೈ ದಾಟುತ್ತೆ

ನೀವು ತರಕಾರಿಯವರ ಕ್ಯೂಆರ್ ಸ್ಕ್ಯಾನ್ ಮಾಡಿ 60 ರೂಪಾಯಿ ಹಾಕಿ ಪಿನ್ ಒತ್ತಿದ್ರಿ ಅಂತಿಟ್ಕೊಳ್ಳಿ. ಫೋನ್‌ಪೇ, ಗೂಗಲ್‌ಪೇ ಯಾವುದೂ ಬ್ಯಾಂಕ್ ಅಲ್ಲ, ದುಡ್ಡು ಅವರ ಹತ್ರ ಇರಲ್ಲ, ಅವು ಕೋರಿಕೆಯನ್ನ ಮುಂದಕ್ಕೆ ದಾಟಿಸೋ ಆಪ್‌ಗಳು ಅಷ್ಟೇ. ಆಪ್‌ನಿಂದ ಅದರ ಜೊತೆಗಿರೋ ಬ್ಯಾಂಕಿಗೆ, ಅಲ್ಲಿಂದ ಎನ್‌ಪಿಸಿಐಗೆ. ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಅಂತ ಅದರ ಪೂರ್ತಿ ಹೆಸರು, ಯುಪಿಐ ನಡೆಸೋದು ಇವರೇ. ಎನ್‌ಪಿಸಿಐ ನಿಮ್ಮ ಬ್ಯಾಂಕಿಗೆ "60 ರೂಪಾಯಿ ಕಳೀರಿ" ಅನ್ನುತ್ತೆ, ನಿಮ್ಮ ಬ್ಯಾಂಕ್ ಪಿನ್ ಪರೀಕ್ಷೆ ಮಾಡಿ ಕಳೆದು ಉತ್ತರ ಕೊಡುತ್ತೆ, ಆಮೇಲೆ ತರಕಾರಿಯವರ ಬ್ಯಾಂಕಿಗೆ "60 ರೂಪಾಯಿ ಸೇರ್ಸಿ" ಅನ್ನುತ್ತೆ, ಅವರೂ ಸೇರಿಸಿ ಉತ್ತರ ಕೊಟ್ಮೇಲೆ ನಿಮ್ಮ ಫೋನಲ್ಲಿ ಹಸಿರು ಟಿಕ್ ಬರುತ್ತೆ, ಅಂಗಡಿಯ ಸ್ಪೀಕರ್ ಕೂಗುತ್ತೆ. ಇಷ್ಟೂ ಕೆಲವೇ ಸೆಕೆಂಡಲ್ಲಿ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಇಂಥ ವ್ಯವಹಾರ 2000 ಕೋಟಿ ದಾಟಿತು.

ಈ ದಾರೀಲಿ ಎಲ್ಲಿ ತುಂಡಾಯ್ತು ಅನ್ನೋದು ಮುಖ್ಯ. ನಿಮ್ಮ ಬ್ಯಾಂಕ್ ಉತ್ತರನೇ ಕೊಡ್ಲಿಲ್ಲ ಅಂದ್ರೆ ಸಾಮಾನ್ಯವಾಗಿ ಪೇಮೆಂಟ್ ಫೇಲ್ ಆಗುತ್ತೆ, ದುಡ್ಡು ಕಳೆದಿರಲ್ಲ. ಕಷ್ಟ ಆಗೋದು ನಿಮ್ಮ ಬ್ಯಾಂಕ್ ಕಳೆದಾದ್ಮೇಲೆ ಆ ಕಡೆ ಬ್ಯಾಂಕ್ ಸುಮ್ನಾದಾಗ. ಅವರು ಸೇರಿಸ್ಕೊಂಡು ಉತ್ತರ ಮಾತ್ರ ದಾರೀಲಿ ಕಳೀತೋ, ಅಥವಾ ಸೇರಿಸ್ಕೊಳ್ಳಲೇ ಇಲ್ವೋ, ಆ ಕ್ಷಣಕ್ಕೆ ಯಾರಿಗೂ ಗೊತ್ತಿರಲ್ಲ. ಆಪ್‌ನಲ್ಲಿ ಪೆಂಡಿಂಗ್ ಅಂತ ತೋರಿಸೋದು ಇದನ್ನೇ.

ಯಾರ ಕಡೆ ತಪ್ಪು ಅನ್ನೋ ಲೆಕ್ಕನೂ ಇಡ್ತಾರೆ. ತಪ್ಪು ಪಿನ್ ಹಾಕಿದ್ದು, ಬ್ಯಾಲೆನ್ಸ್ ಇಲ್ಲದ್ದು ಇವೆಲ್ಲ ಬಿಸಿನೆಸ್ ಡಿಕ್ಲೈನ್, ಸಿಸ್ಟಂ ಕೆಟ್ಟು ಆಗಿದ್ದು ಟೆಕ್ನಿಕಲ್ ಡಿಕ್ಲೈನ್. ಬ್ಯಾಂಕುವಾರು ಎಷ್ಟೆಷ್ಟು ಶೇಕಡಾ ಅಂತ ಎನ್‌ಪಿಸಿಐ ತನ್ನ ವೆಬ್‌ಸೈಟಲ್ಲಿ ತಿಂಗಳು ತಿಂಗಳು ಹಾಕುತ್ತೆ. ಹೊಸ ಖಾತೆ ತೆಗೆಯೋ ಮುಂಚೆ ಬಡ್ಡಿ ದರ ನೋಡೋ ಹಾಗೇ ಇದನ್ನೂ ಒಮ್ಮೆ ನೋಡಿ ಅಂತ ನಾನಂತೂ ಹೇಳ್ತೀನಿ.

ಕಟ್ ಆಯ್ತು, ಅವರಿಗೆ ಹೋಗ್ಲಿಲ್ಲ, ಹಾಗಾದ್ರೆ ದುಡ್ಡು ಎಲ್ಲಿ?

ಎಲ್ಲರಿಗೂ ಹೊಟ್ಟೆ ಕಿವುಚೋದು ಇಲ್ಲೇ. ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ನೆನಪಿಸ್ಕೊಳ್ಳಿ. ಅಂಗಡಿಯವರ ಹತ್ರ ಒಂದು ಪುಸ್ತಕ, ಮನೆಯವರ ಹತ್ರ ಒಂದು ಚಿಕ್ಕ ಪುಸ್ತಕ. ಇವರು ಬರ್ಕೊಂಡ್ರು, ಅಷ್ಟರಲ್ಲಿ ಕರೆಂಟ್ ಹೋಗಿಯೋ ಯಾರೋ ಕರೆದೋ ಆ ಪುಸ್ತಕದಲ್ಲಿ ಬರೆಯೋದು ತಪ್ಪೋಯ್ತು. ಸಾಮಾನೇನೂ ಮಾಯ ಆಗಿಲ್ಲ, ಎರಡು ಪುಸ್ತಕ ಹೊಂದ್ತಿಲ್ಲ ಅಷ್ಟೇ, ತಿಂಗಳ ಕೊನೆಗೆ ಪಕ್ಕಪಕ್ಕ ಇಟ್ಟು ತಾಳೆ ನೋಡಿದಾಗ ಸಿಕ್ಕೇ ಸಿಗುತ್ತೆ. ಬ್ಯಾಂಕಿನವರು ರೀಕನ್ಸಿಲಿಯೇಷನ್ ಅನ್ನೋದು ಈ ತಾಳೆ ನೋಡೋ ಕೆಲಸಕ್ಕೇ. ನಿಮ್ಮ ಬ್ಯಾಂಕಿನ ಪಟ್ಟಿ, ಎನ್‌ಪಿಸಿಐ ಪಟ್ಟಿ, ಆ ಕಡೆ ಬ್ಯಾಂಕಿನ ಪಟ್ಟಿ ಮೂರನ್ನೂ ಹೋಲಿಸ್ತಾರೆ, ಆ ಕಡೆ ಸೇರಿಲ್ಲ ಅಂತ ಖಚಿತ ಆದ್ರೆ ನಿಮ್ಮ ಖಾತೆಗೆ ವಾಪಸ್ ಹಾಕ್ತಾರೆ.

ಖಾತೆಯಿಂದ 5000 ರೂಪಾಯಿ ಕಳೆದು ನೋಟು ಮಾತ್ರ ಬರದೆ ಹೋದ ಎಟಿಎಂ ಕಥೆನೂ ಹೀಗೇ. ಮೆಷಿನ್ ಒಳಗೆ ಪ್ರತಿ ಹೆಜ್ಜೆಯೂ ದಾಖಲಾಗೋ ಒಂದು ಲಾಗ್ ಇರುತ್ತೆ, ಇಜೆ ಲಾಗ್ ಅಂತಾರೆ. ಯಾವ ಟ್ರೇಯಿಂದ ಎಷ್ಟು ನೋಟು ಎಣಿಸಿತು, ಬಾಗಿಲು ತೆರೀತಾ, ನೋಟು ಹೊರಗೆ ಬಂತಾ ಎಲ್ಲ ಅದರಲ್ಲಿರುತ್ತೆ. ಆಮೇಲೆ ಏಜೆನ್ಸಿಯವರು ಬಂದು ಕ್ಯಾಶ್ ತುಂಬೋವಾಗ ಒಳಗಿರೋದನ್ನ ಎಣಿಸ್ತಾರಲ್ಲ, ಆಗ ನಿಮಗೆ ಸಿಗದ ಆ 5000 ರೂಪಾಯಿ ಲೆಕ್ಕಕ್ಕಿಂತ ಜಾಸ್ತಿಯಾಗಿ ಅಲ್ಲೇ ಸಿಗುತ್ತೆ. ಅದಕ್ಕೇ ದುಡ್ಡು ಬರದಿದ್ರೂ ಸ್ಲಿಪ್ ಬಂದಿದ್ರೆ ಎಸೀಬೇಡಿ, ಅದರ ಮೇಲಿರೋ ಎಟಿಎಂ ಐಡಿ ಮತ್ತು ಸಮಯ ಇದ್ರೆ ಆ ಲಾಗ್‌ನಲ್ಲಿ ನಿಮ್ಮ ವ್ಯವಹಾರನ ಹುಡುಕೋದು ಸುಲಭ.

ಉಲ್ಟಾ ಕೂಡ ಆಗುತ್ತೆ. 2023ರ ದೀಪಾವಳಿ ಸಮಯ, ನವೆಂಬರ್ 10ರಿಂದ 13ರೊಳಗೆ, ಯೂಕೋ ಬ್ಯಾಂಕಿನ ಸುಮಾರು 41,000 ಖಾತೆಗಳಿಗೆ ಐಎಂಪಿಎಸ್ (ಖಾತೆಯಿಂದ ಖಾತೆಗೆ ತಕ್ಷಣ ದುಡ್ಡು ಕಳಿಸೋ ವ್ಯವಸ್ಥೆ) ಮೂಲಕ ಒಟ್ಟು 820 ಕೋಟಿ ರೂಪಾಯಿ ತಪ್ಪಾಗಿ ಬಂದು ಬಿತ್ತು. ಕಳಿಸಿದವರ ಬ್ಯಾಂಕಲ್ಲಿ ದುಡ್ಡು ಕಳೆದೇ ಇರ್ಲಿಲ್ಲ, ಈ ಕಡೆ ಮಾತ್ರ ಜಮಾ ಆಗಿಬಿಟ್ಟಿತ್ತು. ಕೆಲವೇ ದಿನದಲ್ಲಿ ಬ್ಯಾಂಕ್ ಸುಮಾರು 649 ಕೋಟಿ ವಾಪಸ್ ಪಡೀತು, ಉಳಿದಿದ್ದಕ್ಕೆ ಸಿಬಿಐ ಕೇಸ್ ಆಯ್ತು, ಕೋಲ್ಕತ್ತ ಮತ್ತು ನಮ್ಮ ಮಂಗಳೂರು ಸೇರಿ ಹಲವು ಕಡೆ ಶೋಧನೆನೂ ನಡೀತು. ಹಂಗಾಗಿ ಗೊತ್ತಿಲ್ಲದ ದುಡ್ಡು ಖಾತೆಗೆ ಬಂದ್ರೆ ಮುಟ್ಟಬೇಡಿ. ತಪ್ಪಿ ಬಂದ ಹಣನ ವಾಪಸ್ ಕೊಡ್ಬೇಕು ಅಂತ 1872ರ ಕರಾರು ಕಾಯ್ದೆಯ 72ನೇ ಸೆಕ್ಷನ್ನೇ ಹೇಳುತ್ತೆ. ಬ್ಯಾಂಕಿಗೆ ಬರವಣಿಗೇಲಿ ತಿಳಿಸಿ, ವಾಪಸ್ ಹೋಗೋದು ಬ್ಯಾಂಕ್ ಮೂಲಕವೇ ಹೋಗ್ಲಿ. ಫೋನ್ ಮಾಡಿ "ತಪ್ಪಿ ಕಳಿಸ್ಬಿಟ್ಟೆ, ಈ ನಂಬರಿಗೆ ಹಾಕಿ" ಅನ್ನೋ ಅಪರಿಚಿತರಿಗೆ ನೇರವಾಗಿ ಹಾಕ್ಬೇಡಿ.

ಇಷ್ಟು ದೊಡ್ಡ ಸಿಸ್ಟಂ ಬೀಳೋದಾದ್ರೂ ಯಾಕೆ?

ಕೆಲವು ಸಲ ಕಾರಣ ತುಂಬಾ ಸಾಮಾನ್ಯ, ಕರೆಂಟ್. 2020ರ ನವೆಂಬರ್ 21ಕ್ಕೆ ಎಚ್‌ಡಿಎಫ್‌ಸಿ ಬ್ಯಾಂಕಿನ ಮುಖ್ಯ ಡೇಟಾ ಸೆಂಟರಲ್ಲಿ ಪವರ್ ಹೋಗಿ ನೆಟ್ ಬ್ಯಾಂಕಿಂಗ್, ಪೇಮೆಂಟ್ ಎಲ್ಲ ನಿಂತವು. ಎರಡು ವರ್ಷದಿಂದ ಪದೇ ಪದೇ ತೊಂದರೆ ಆಗ್ತಿದ್ದಿದ್ರಿಂದ ಡಿಸೆಂಬರ್ 2ಕ್ಕೆ ಆರ್‌ಬಿಐ ಆ ಬ್ಯಾಂಕಿಗೆ ಹೊಸ ಡಿಜಿಟಲ್ ಯೋಜನೆ ಶುರು ಮಾಡೋ ಹಾಗಿಲ್ಲ, ಹೊಸಬರಿಗೆ ಕ್ರೆಡಿಟ್ ಕಾರ್ಡ್ ಕೊಡೋ ಹಾಗಿಲ್ಲ ಅಂತ ತಡೆ ಹಾಕ್ತು. ಅದು ಪೂರ್ತಿ ತೆರವಾಗಿದ್ದು 2022ರ ಮಾರ್ಚಲ್ಲಿ. ಕೋಟಕ್ ಮಹೀಂದ್ರ ಬ್ಯಾಂಕಿಗೂ 2024ರ ಏಪ್ರಿಲ್‌ನಲ್ಲಿ ಇಂಥದ್ದೇ ತಡೆ ಬಿತ್ತು, ಆನ್‌ಲೈನಲ್ಲಿ ಹೊಸ ಗ್ರಾಹಕರನ್ನ ಸೇರಿಸ್ಕೊಳ್ಳೋದು, ಹೊಸ ಕ್ರೆಡಿಟ್ ಕಾರ್ಡ್ ಕೊಡೋದು ಎರಡೂ ನಿಂತು 2025ರ ಫೆಬ್ರವರಿವರೆಗೆ ಹಾಗೇ ಇತ್ತು.

ಡೇಟಾ ಸೆಂಟರ್ ಹೋದ್ರೆ ಇನ್ನೊಂದು ಇರಲ್ವಾ ಅಂತ ನೀವು ಕೇಳ್ಬಹುದು. ಇರುತ್ತೆ, ಬೇರೆ ಊರಲ್ಲೇ ಇಟ್ಟಿರ್ತಾರೆ, ಡಿಆರ್ ಸೈಟ್ ಅಂತಾರೆ. ಆದ್ರೆ ಇಲ್ಲಿ ನಡೀತಿದ್ದನ್ನ ಅಲ್ಲಿಗೆ ಬದಲಾಯಿಸೋದು ಒಂದು ಬಟನ್ ಒತ್ತೋ ಕೆಲಸ ಅಲ್ಲ. ಕೊನೆಯ ಕ್ಷಣದ ವ್ಯವಹಾರಗಳು ಅಲ್ಲಿಗೆ ತಲುಪಿವೆಯಾ ನೋಡ್ಬೇಕು, ಎಟಿಎಂ, ಯುಪಿಐ, ಶಾಖೆ ಎಲ್ಲದರ ಸಂಪರ್ಕನೂ ಅತ್ತ ತಿರುಗಿಸ್ಬೇಕು, ಅಂಥ ಅಭ್ಯಾಸನ ಬ್ಯಾಂಕ್ ಆಗಾಗ ನಿಜವಾಗಿ ಮಾಡಿರ್ಬೇಕು.

ಎರಡನೇ ಕಾರಣ ಹೊರೆ. ಏಪ್ರಿಲ್ 12ರ ಯುಪಿಐ ತೊಂದರೆಗೆ ಎನ್‌ಪಿಸಿಐ ಕೊಟ್ಟ ಕಾರಣ ಕೇಳಿ: "ಈ ಪೇಮೆಂಟ್ ಏನಾಯ್ತು" ಅಂತ ವಿಚಾರಿಸೋ ಕೋರಿಕೆಗಳನ್ನ ಕೆಲವು ಬ್ಯಾಂಕುಗಳು ಮಿತಿಮೀರಿ, ಹಳೇ ವ್ಯವಹಾರಗಳಿಗೂ ಸೇರಿಸಿ, ಬಿಡದೆ ಕಳಿಸ್ತಾ ಹೋಗಿದ್ವು. ದುಡ್ಡು ಸಾಗಿಸೋ ದಾರಿ ವಿಚಾರಣೆಗಳಿಂದಲೇ ತುಂಬಿಹೋಯ್ತು. ನಾವೂ ಪೇಮೆಂಟ್ ನಿಂತ ತಕ್ಷಣ ಮತ್ತೆ ಮತ್ತೆ ಒತ್ತುತ್ತೀವಿ, ಬ್ಯಾಲೆನ್ಸ್ ನೋಡ್ತೀವಿ, ಇನ್ನೊಂದು ಆಪ್ ತೆಗೀತೀವಿ, ಒಂದು ಕೋರಿಕೆ ಇದ್ದಿದ್ದು ಹತ್ತಾಗುತ್ತೆ. ಆಮೇಲೆ 2025ರ ಆಗಸ್ಟ್ 1ರಿಂದ ಒಂದು ಆಪ್‌ನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡ್ಬಹುದು ಅಂತ ಮಿತಿ ಬಂದಿದ್ದು, ಆಟೋಪೇ, ಅಂದ್ರೆ ತಾನಾಗೇ ಆಗೋ ಕಡಿತಗಳನ್ನ ಜನಜಂಗುಳಿ ಇಲ್ಲದ ಹೊತ್ತಿಗೆ ಹಾಕಿದ್ದು ಇದೇ ಹೊರೆ ಇಳಿಸೋಕೆ.

ಮೂರನೇದು ಬದಲಾವಣೆ, ನನ್ನ ಪ್ರಕಾರ ಅತಿ ಅಪಾಯದ್ದು ಇದೇ. ದಿನದ ವ್ಯವಹಾರ ಮುಗಿದ್ಮೇಲೆ ರಾತ್ರಿ ಬ್ಯಾಂಕಿನ ಕಂಪ್ಯೂಟರ್ ಬಡ್ಡಿ ಲೆಕ್ಕ, ಸಂಬಳದ ಜಮಾ, ಇಎಂಐ ಕಡಿತ ಎಲ್ಲವನ್ನೂ ಸಾಲಾಗಿ ಒಂದಾದ್ಮೇಲೊಂದು ಮಾಡುತ್ತೆ, ಇದಕ್ಕೆ ಬ್ಯಾಚ್ ಅಂತಾರೆ. 2012ರ ಜೂನ್‌ನಲ್ಲಿ ಬ್ರಿಟನ್ನಿನ ಆರ್‌ಬಿಎಸ್ ಗುಂಪಿನ ಬ್ಯಾಂಕುಗಳಲ್ಲಿ ಈ ಬ್ಯಾಚ್ ನಡೆಸೋ ಸಾಫ್ಟ್‌ವೇರಿನ ಅಪ್‌ಗ್ರೇಡ್ ಕೆಟ್ಟಿತು. ಒಂದು ರಾತ್ರಿಯ ಕೆಲಸ ಮುಗಿಯೋ ಮುಂಚೆ ಮುಂದಿನ ದಿನದ್ದು ಬಂದು ಸೇರ್ಕೊಳ್ತು, ಬಾಕಿ ಬೆಳೀತಾ ಹೋಯ್ತು. ಬ್ರಿಟನ್ನಲ್ಲಿ 65 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ತೊಂದರೆ ಆಯ್ತು, ಕಂಪನಿಗಳಿಗೆ ಸಂಬಳ ಹಾಕೋಕೆ ಆಗ್ಲಿಲ್ಲ, ವಿದೇಶದಲ್ಲಿದ್ದವರ ಕೈಯಲ್ಲಿ ಕಾಸಿಲ್ಲ, ಗೃಹಸಾಲದ ಕಂತು ತಪ್ಪಿತು. ಅದೇ ಗುಂಪಿನ ಅಲ್ಸ್ಟರ್ ಬ್ಯಾಂಕ್ ಗ್ರಾಹಕರು ವಾರಗಟ್ಟಲೆ ಕಾದ್ರು. 2014ರಲ್ಲಿ ಅಲ್ಲಿನ ನಿಯಂತ್ರಕರು ಒಟ್ಟು 5.6 ಕೋಟಿ ಪೌಂಡ್ ದಂಡ ಹಾಕಿದ್ರು.

ಬ್ಯಾಂಕ್ ವಿಲೀನ ಆದಾಗ್ಲೂ ಇದೇ ಭಯ, ಒಂದು ಸಿಸ್ಟಂನ ಲಕ್ಷಾಂತರ ಖಾತೆಗಳನ್ನ ಇನ್ನೊಂದಕ್ಕೆ ಸಾಗಿಸ್ಬೇಕಲ್ಲ. ಕರ್ನಾಟಕದವರಿಗೆ ಇದು ಹೊಸದೇನಲ್ಲ, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಎಲ್ಲವೂ ಕೆಲವೇ ವರ್ಷದಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿಹೋದ್ವು, ಸಿಂಡಿಕೇಟ್‌ನ ಹಳೇ ಐಎಫ್‌ಎಸ್‌ಸಿ ಕೋಡ್ 2021ರ ಜುಲೈ 1ರಿಂದ ನಡೀಲಿಲ್ಲ. 2025ರ ಮೇ 1ಕ್ಕೆ ಎರಡು ಗ್ರಾಮೀಣ ಬ್ಯಾಂಕುಗಳೂ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯ್ತು. ಇಂಥ ಸಮಯದಲ್ಲಿ ಬ್ಯಾಂಕ್ ಕೊಡೋ "ಈ ದಿನದಿಂದ ಈ ದಿನದವರೆಗೆ ಸೇವೆ ಇರಲ್ಲ" ಅನ್ನೋ ಮೆಸೇಜ್ ಓದಿ, ಅದಕ್ಕೆ ಮುಂಚೆನೇ ಸ್ವಲ್ಪ ಕ್ಯಾಶ್ ತೆಗೆದಿಟ್ಕೊಳ್ಳಿ.

ಕೊನೇದು, ತಪ್ಪು ನಿಮ್ಮ ಬ್ಯಾಂಕಿಂದೇ ಅಲ್ಲದಿರಬಹುದು. ಸಣ್ಣ ಸಹಕಾರಿ ಬ್ಯಾಂಕುಗಳಿಗೆ ಸ್ವಂತ ಡೇಟಾ ಸೆಂಟರ್ ಕಟ್ಟೋ ಶಕ್ತಿ ಇರಲ್ಲ, ಬೇರೆ ಕಂಪನಿಯ ಸಿಸ್ಟಂನ ಬಾಡಿಗೆಗೆ ತಗೊಂಡಿರ್ತಾವೆ. 2024ರ ಜುಲೈ ಕೊನೆಗೆ ಸಿ-ಎಡ್ಜ್ ಅನ್ನೋ ಅಂಥ ಒಂದು ಕಂಪನಿ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ಆಯ್ತು, ಅಂದ್ರೆ ಕಂಪ್ಯೂಟರಿಗೆ ಬೀಗ ಹಾಕಿ ದುಡ್ಡು ಕೇಳೋ ದಾಳಿ. ಸೋಂಕು ಹರಡಬಾರ್ದು ಅಂತ ಎನ್‌ಪಿಸಿಐ ಆ ಕಂಪನಿಯ ಸಂಪರ್ಕನೇ ಕಡಿದು ಹಾಕ್ತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ತಾತ್ಕಾಲಿಕವಾಗಿ ಇಲ್ಲದಾಯ್ತು, ಆಗಸ್ಟ್ 1ಕ್ಕೆ ಸಂಪರ್ಕ ವಾಪಸ್ ಕೊಟ್ರು. ಒಟ್ಟು ದೇಶದ ಲೆಕ್ಕದಲ್ಲಿ ಆ ವ್ಯವಹಾರದ ಪಾಲು ಚಿಕ್ಕದೇ, ಆದ್ರೆ ಊರಲ್ಲಿರೋ ಒಂದೇ ಖಾತೆ ಅಂಥ ಬ್ಯಾಂಕಲ್ಲಿದ್ದವರಿಗೆ ಅದು ಚಿಕ್ಕದಲ್ಲ.

ಹಳ್ಳಿ ಕಡೆ ಪೆಟ್ಟು ಇನ್ನೂ ಜೋರು. ಬ್ಯಾಂಕ್ ಮಿತ್ರರ ಹತ್ರ ಹೆಬ್ಬೆಟ್ಟು ಒತ್ತಿ ಪಿಂಚಣಿನೋ ಗೃಹಲಕ್ಷ್ಮಿ ದುಡ್ಡೋ ತಗೊಳ್ಳೋರಿಗೆ ಬ್ಯಾಂಕ್, ಎನ್‌ಪಿಸಿಐ ಜೊತೆಗೆ ಆಧಾರ್ ಸರ್ವರ್ ಕೂಡ ಸರಿ ಇರ್ಬೇಕು, ಸಿಗ್ನಲ್ಲೂ ಇರ್ಬೇಕು. ಒಂದು ತಪ್ಪಿದ್ರೂ ಕೂಲಿ ಬಿಟ್ಟು ಬಂದ ದಿನ ಹಾಳು. ಆ ಕಳೆದ ದಿನದ ಕೂಲಿಗೆ ಯಾವ ನಿಯಮದಲ್ಲೂ ಲೆಕ್ಕ ಇಲ್ಲ, ಇದು ಬದಲಾಗ್ಬೇಕು ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ದುಡ್ಡು ಎಷ್ಟು ದಿನದಲ್ಲಿ ವಾಪಸ್ ಬರ್ಬೇಕು?

2019ರ ಸೆಪ್ಟೆಂಬರ್ 20ರ ಆರ್‌ಬಿಐ ಸುತ್ತೋಲೆ ಇದನ್ನ ಸ್ಪಷ್ಟವಾಗಿ ಹೇಳಿದೆ. ಎಟಿಎಂನಲ್ಲಿ ಖಾತೆಯಿಂದ ಕಳೆದು ನೋಟು ಬರದಿದ್ರೆ, ವ್ಯವಹಾರ ಆದ ದಿನ ಬಿಟ್ಟು 5 ದಿನದೊಳಗೆ ತಾನಾಗೇ ವಾಪಸ್ ಆಗ್ಬೇಕು. ಯುಪಿಐ ಅಥವಾ ಐಎಂಪಿಎಸ್‌ನಲ್ಲಿ ಒಬ್ಬರಿಗೆ ಕಳಿಸಿದ್ದು ಅವರಿಗೆ ಸೇರದಿದ್ರೆ 1 ದಿನದೊಳಗೆ. ಅಂಗಡಿಗೆ ಯುಪಿಐ ಮಾಡಿ ಅವರಿಗೆ ಖಾತರಿ ಬರದಿದ್ರೆ, ಅಥವಾ ಸ್ವೈಪ್ ಮಷೀನಲ್ಲಿ ಕಾರ್ಡ್ ಹಾಕಿದಾಗ ಹೀಗಾದ್ರೆ 5 ದಿನ, ಹೆಬ್ಬೆಟ್ಟಿನ ವ್ಯವಹಾರಕ್ಕೂ 5 ದಿನ. ಗಡುವು ದಾಟಿದ್ರೆ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ನೀವು ಕೇಳೋವರೆಗೂ ಕಾಯದೆ ಬ್ಯಾಂಕೇ ಖಾತೆಗೆ ಹಾಕ್ಬೇಕು. ಈ ಮಾತು ಆ ಸುತ್ತೋಲೇಲೇ ಇದೆ, ಆದ್ರೂ ತುಂಬಾ ಜನರಿಗೆ ಗೊತ್ತಿಲ್ಲ, ಹಂಗಾಗಿ ಹಾಕಿಲ್ಲ ಅಂದ್ರೆ ದಿನಾಂಕ ತೋರ್ಸಿ ಕೇಳಿ. ತಾಂತ್ರಿಕ ಕಾರಣಕ್ಕೆ ಅಥವಾ ಮೆಷಿನಲ್ಲಿ ನೋಟಿಲ್ಲದೆ ಫೇಲಾದ ಎಟಿಎಂ ವ್ಯವಹಾರನ ತಿಂಗಳ ಉಚಿತ ಲೆಕ್ಕದಲ್ಲಿ ಹಿಡಿಯೋ ಹಾಗೂ ಇಲ್ಲ.

ಇಎಂಐ ದಿನಾನೇ ಸಿಸ್ಟಂ ಬಿದ್ದು ಕಂತು ಬೌನ್ಸ್ ಆದ್ರೆ, ಅವತ್ತು ಖಾತೇಲಿ ದುಡ್ಡಿತ್ತು ಅನ್ನೋ ಸ್ಟೇಟ್‌ಮೆಂಟ್ ತಗೊಂಡು ಬ್ಯಾಂಕಿಗೂ ಸಾಲ ಕೊಟ್ಟವರಿಗೂ ಬರವಣಿಗೇಲಿ ಕೊಡಿ, ಬೌನ್ಸ್ ಚಾರ್ಜ್ ವಾಪಸ್ ಕೇಳಿ. ನಮ್ಮ ಸಾಲದ ದಾಖಲೆ ಇಡೋ ಸಿಬಿಲ್‌ನಲ್ಲಿ ತಪ್ಪಾಗಿ ದಾಖಲಾಗಿದ್ರೆ ದೂರು ಕೊಟ್ಟ 30 ದಿನದೊಳಗೆ ಸರಿಮಾಡ್ಬೇಕು, ತಡ ಆದ್ರೆ ಅಲ್ಲೂ ದಿನಕ್ಕೆ 100 ರೂಪಾಯಿ ಪರಿಹಾರ ಇದೆ.

ಆ ಹೊತ್ತಲ್ಲಿ ಏನು ಮಾಡೋದು

ಪೆಂಡಿಂಗ್ ಅಂತ ಬಂದ್ರೆ ಮತ್ತೆ ಅದೇ ಮೊತ್ತ ಕಳಿಸ್ಬೇಡಿ, ಎರಡೂ ಹೋಗಿಬಿಡೋ ಸಾಧ್ಯತೆ ಇರುತ್ತೆ. ಸ್ಕ್ರೀನ್‌ಶಾಟ್ ತೆಗೀರಿ, ಅದರಲ್ಲಿ ಯುಟಿಆರ್ ಅಂತ 12 ಅಂಕಿಯ ನಂಬರ್ ಕಾಣೋ ಹಾಗಿರ್ಲಿ, ಬ್ಯಾಂಕಿನವರು ಹುಡುಕೋದು ಅದರಿಂದಲೇ. ದೂರನ್ನ ಮೊದಲು ಆಪ್ ಒಳಗೆ ಆ ಪೇಮೆಂಟ್ ತೆಗೆದು ಅಲ್ಲಿಂದಲೇ ಕೊಡಿ.

ಯುಪಿಐ ಲೈಟ್, ಅಂದ್ರೆ ಆಪ್‌ನಲ್ಲೇ ಮುಂಚೆನೇ ಸ್ವಲ್ಪ ದುಡ್ಡು ಹಾಕಿಡೋ ವ್ಯವಸ್ಥೆ, ಹಾಕಿಟ್ಕೊಂಡಿದ್ರೆ 1000 ರೂಪಾಯಿವರೆಗಿನ ಪೇಮೆಂಟಿಗೆ ನಿಮ್ಮ ಬ್ಯಾಂಕಿನ ಸಿಬಿಎಸ್ ಮುಟ್ಟೋದೇ ಬೇಡ, ಹಾಗಾಗಿ ನಿಮ್ಮ ಬ್ಯಾಂಕ್ ಒಂದೇ ಬಿದ್ದಾಗ ಇದು ಉಪಯೋಗಕ್ಕೆ ಬರುತ್ತೆ, ಎನ್‌ಪಿಸಿಐಯೇ ಬಿದ್ದಾಗ ಅಲ್ಲ. ಎರಡು ಬೇರೆ ಬೇರೆ ಬ್ಯಾಂಕಲ್ಲಿ ಖಾತೆ, ಒಂದು ಕಾರ್ಡ್, ಒಂದೆರಡು ದಿನಕ್ಕಾಗೋ ಕ್ಯಾಶ್ ಇಟ್ಕೊಂಡವರಿಗೆ ಇಂಥ ದಿನ ಅಷ್ಟು ಕಷ್ಟ ಆಗಲ್ಲ.

ಮೋಸಗಾರರಿಗೆ ಇಂಥ ಗೊಂದಲ ಅಂದ್ರೆ ಹಬ್ಬ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಹೊಸ ಸಿಸ್ಟಂಗೆ ಹೋಗಿ ಎಡವಿದಾಗ ಸುಮಾರು 1300 ಗ್ರಾಹಕರ ದುಡ್ಡನ್ನ ವಂಚಕರು ಹೊಡೆದ್ರು. ಇಲ್ಲೂ ಗೂಗಲಲ್ಲಿ ಕಸ್ಟಮರ್ ಕೇರ್ ಅಂತ ಹುಡುಕಿದ್ರೆ ಸುಳ್ಳು ನಂಬರುಗಳು ಸಿಗ್ತಾವೆ, "ರೀಫಂಡ್ ಹಾಕ್ತೀವಿ ಪಿನ್ ಒತ್ತಿ" ಅಂತಾರೆ. ದುಡ್ಡು ಬರೋಕೆ ಪಿನ್ ಬೇಡವೇ ಬೇಡ. ನಂಬರನ್ನ ಕಾರ್ಡಿನ ಹಿಂದೆ ಅಥವಾ ಪಾಸ್‌ಬುಕ್ಕಲ್ಲಿ ನೋಡಿ ತಗೊಳ್ಳಿ, ಮೋಸ ಆಯ್ತು ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬ್ಯಾಂಕ್ ಕೇಳ್ಲಿಲ್ಲ ಅಂದ್ರೆ

ಮೊದಲು ಬ್ಯಾಂಕಿಗೆ ದೂರು ಕೊಟ್ಟು ದೂರಿನ ನಂಬರ್ ತಗೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ರೆ ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ರೆ ಬ್ಯಾಂಕಿನ ಮೇಲಿನ ದೂರು ಕೇಳೋ ಅಧಿಕಾರಿ, ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗ್ಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, ಆರ್‌ಬಿಐನ ಸಿಎಂಎಸ್ ಪೋರ್ಟಲ್ ಮೂಲಕ ಮನೇಲೇ ಕೂತು ದೂರು ಹಾಕ್ಬಹುದು. ಹೇಗೆ ಅಂತ ಗೊತ್ತಾಗದಿದ್ರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ಬಹುದು.

ಒಂದು ವ್ಯತ್ಯಾಸ ಮಾತ್ರ ಗಮನದಲ್ಲಿರ್ಲಿ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಇವುಗಳನ್ನೂ ನಾವು ಬಾಯ್ಮಾತಲ್ಲಿ "ಸೊಸೈಟಿ ಬ್ಯಾಂಕ್" ಅಂತೀವಿ, ಆದ್ರೆ ಇವು ಸಾಮಾನ್ಯವಾಗಿ ಆರ್‌ಬಿಐ ಲೈಸೆನ್ಸ್ ಇರೋ ಬ್ಯಾಂಕ್ ಅಲ್ಲ, ಲೈಸೆನ್ಸ್ ಇಲ್ಲದವುಗಳ ದೂರನ್ನ ಓಂಬುಡ್ಸ್‌ಮನ್ ತಗೊಳ್ಳಲ್ಲ. ಸಹಕಾರ ಸಂಘ ಆದ್ರೆ ಸಹಕಾರ ಇಲಾಖೆಯ ರಿಜಿಸ್ಟ್ರಾರ್ ಕಚೇರಿ ಕಡೆ ಹೋಗ್ಬೇಕು, ಸೌಹಾರ್ದ ಸಹಕಾರಿಗಳಿಗೆ 1997ರ ಪ್ರತ್ಯೇಕ ಕಾಯ್ದೆ ಇದೆ. ನಿಮ್ಮ ಖಾತೆ ಯಾವ ಥರದ್ದು ಅಂತ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿರೋ ಸಂಸ್ಥೆಯ ಪೂರ್ತಿ ಹೆಸರು ಓದಿದ್ರೆ ಗೊತ್ತಾಗುತ್ತೆ.